‘ಪ್ರಾಮಾಣಿಕ’ ಎಂಬ ವಿಶೇಷಣ

ಸತೋಶಿ ನಾಕಮೊಟೊ ಎಂಬ ಗುಪ್ತನಾಮದಿಂದ ೨೦೦೮ರಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧವು ಒಂಬತ್ತೇ ಪುಟಗಳದು; ಶೈಲಿಯು ಮಿತವಾದುದು. ಆದರೆ ಅದರಲ್ಲಿ ಮೇಲಿಂದ ಮೇಲೆ ಬರುವ ‘ಪ್ರಾಮಾಣಿಕ’ ಎಂಬ ವಿಶೇಷಣವು ವಿಚಾರಾರ್ಹವಾಗಿದೆ. ವ್ಯವಹಾರಗಳ ಲೆಕ್ಕವನ್ನು ಬ್ಲಾಕುಗಳಾಗಿ ಕಟ್ಟಿ, ಒಂದೊಂದನ್ನೂ ಅದರ ಹಿಂದಿನದಕ್ಕೆ ಸರಪಳಿಯಂತೆ ಕೊಂಡಿಹಾಕುವರು. ಹಾಗೆ ಕಟ್ಟಬೇಕಾದರೆ, ನಿಯತ ಮಿತಿಯನ್ನು ಮೀರದ ಹ್ಯಾಷ್ ಸಂಖ್ಯೆ ದೊರೆಯುವವರೆಗೂ ಗಣಕಯಂತ್ರವು ಎಡೆಬಿಡದೆ ಅರಸಬೇಕು. ಅರಸುವುದು ಪ್ರಯಾಸ, ದೊರೆತುದನ್ನು ಉಳಿದವರು ಪರೀಕ್ಷಿಸುವುದು ಕ್ಷಣಮಾತ್ರದ ಕೆಲಸ. ಸಹಿ ತಪ್ಪಿದ್ದರೆ, ಒಂದೇ ಹಣವು ಎರಡು ಸಲ ವ್ಯಯವಾಗಿದ್ದರೆ, ಶ್ರಮವೆಷ್ಟಿದ್ದರೂ ಆ ಬ್ಲಾಕು ತ್ಯಾಜ್ಯ. ಇಲ್ಲಿಯವರೆಗೆ ವಾದವು ನಿರ್ದುಷ್ಟವಾದುದು. ನಿಯಮಬದ್ಧವಾದ ಎರಡು ಸರಪಳಿಗಳು ಎದುರಾದಾಗಲೋ, ಹೆಚ್ಚು ಶ್ರಮ ಕೂಡಿದುದೇ ಗೆಲ್ಲುವುದು. ಅಲ್ಲಿ ತೂಗುವುದು ಬಲವನ್ನು, ಶೀಲವನ್ನಲ್ಲ. ೨೦೨೦ರ ಆಗಸ್ಟಿನಲ್ಲಿ ಈಥೀರಿಯಮ್ ಕ್ಲಾಸಿಕ್ ಜಾಲದ ಸರಪಳಿಯ ಕೊನೆಯ ಭಾಗವನ್ನು ಬಲಾಢ್ಯರು ಒಂದಕ್ಕಿಂತ ಹೆಚ್ಚು ಸಲ ಹೊಸದಾಗಿ ಬರೆದರು; ಪರೀಕ್ಷಕ ಯಂತ್ರಗಳು ಅದನ್ನು ಸರಿಯೆಂದೇ ಅಂಗೀಕರಿಸಿದವು.