ವ್ಯಾನಿನಲ್ಲಿ ಗ್ಯಾಸ್ ಸಿಲಿಂಡರ್: ಖಾಲಿ ಜಾಗದ ಲೆಕ್ಕ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಂಥ ಒಂದು ಹೋಬಳಿ ಊರನ್ನು ತೆಗೆದುಕೊಳ್ಳಿ. ಇಂಥ ಊರುಗಳಿಂದ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವ ವ್ಯಾನಿನಲ್ಲಿ ಅಕ್ಕಿ, ಬೇಳೆ, ಪಾತ್ರೆಗಳ ಜೊತೆಗೆ ಒಂದು ಗ್ಯಾಸ್ ಸಿಲಿಂಡರ್ ಹಾಗೂ ಒಲೆ ಇರುವುದು ಅಪರೂಪವಲ್ಲ. ಜಾತ್ರೆ, ಸಂತೆಗಳಲ್ಲಿ ನಿಲ್ಲುವ ಮೊಬೈಲ್ ಕ್ಯಾಂಟೀನುಗಳಲ್ಲಂತೂ ಸಿಲಿಂಡರ್ ಇರಲೇಬೇಕು. ಕೆಲವು ವ್ಯಾನುಗಳಲ್ಲಿ ಅಡುಗೆ ಅನಿಲವೇ ಎಂಜಿನ್ನನ್ನೂ ಓಡಿಸುತ್ತದೆ. ಈಚೆಗೆ ಮಲಗಲು ಹಾಸಿಗೆ, ಅಡುಗೆಗೆ ಕಟ್ಟೆ ಇರುವ ಕ್ಯಾರವಾನ್‌ಗಳೂ ಕರ್ನಾಟಕದ ರಸ್ತೆಗಳಲ್ಲಿ ಕಾಣುತ್ತಿವೆ. ಅವುಗಳನ್ನು ನೋಡಿದವರಿಗೆ, ಹಳೆಯ ವ್ಯಾನಿನಲ್ಲಿ ಒಂದು ಸಿಲಿಂಡರನ್ನು ಶಾಶ್ವತವಾಗಿ ಕೂರಿಸಿ, ಖಾಲಿಯಾದಾಗಲೆಲ್ಲ ತುಂಬಿಸಿಕೊಂಡರೆ ಆಗದೇ ಎಂಬ ಯೋಚನೆ ಬರುವುದು ಸಹಜ.

ಈ ಏರ್ಪಾಡನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಅದು ಕಾನೂನಿಗೆ ವಿರುದ್ಧವೇ ಎಂಬುದಷ್ಟೇ ಇಲ್ಲಿನ ಪ್ರಶ್ನೆಯಲ್ಲ. ಏಕೆ ವಿರುದ್ಧ ಎಂಬುದನ್ನು ನೀವು, ನಿಮ್ಮ ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಮಾಡಿಯೇ ತಿಳಿಯಬಹುದು. ಆ ಲೆಕ್ಕಕ್ಕೆ ಪ್ರೌಢಶಾಲೆಯ ವಿಜ್ಞಾನ ಸಾಕು.

ಮನೆಯಲ್ಲೂ ಇದೇ ಸಿಲಿಂಡರ್ ಅಲ್ಲವೇ?

ಇದು ಎಲ್ಲರೂ ಮೊದಲು ಹೇಳುವ ಸಮರ್ಥನೆ. ಮನೆಯಲ್ಲಿ ವರ್ಷಗಟ್ಟಲೆ ಏನೂ ಆಗದ ಸಿಲಿಂಡರ್ ವ್ಯಾನಿನಲ್ಲಿ ಏಕೆ ಅಪಾಯಕಾರಿಯಾಗಬೇಕು? ಉತ್ತರ ಸಿಲಿಂಡರಿನ ಉಕ್ಕಿನಲ್ಲಿಲ್ಲ. ಉಕ್ಕು ಗಟ್ಟಿಯಾಗಿಯೇ ಇದೆ. ಮನೆಯ ಸಿಲಿಂಡರನ್ನು ಕಾಪಾಡುತ್ತಿರುವ ಎರಡು ಸಂಗತಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು, ಸಿಲಿಂಡರಿನ ಒಳಗೆ ಬೇಕೆಂದೇ ಬಿಟ್ಟ ಖಾಲಿ ಜಾಗ. ಇನ್ನೊಂದು, ಸೋರಿದ ಅನಿಲಕ್ಕೆ ಬಾಗಿಲ ಕೆಳಗೋ ಹೊಸಿಲ ಮೇಲೋ ಸಿಗುವ ಹೊರದಾರಿ. ವ್ಯಾನಿನಲ್ಲಿ ಸಿಲಿಂಡರ್ ಕೂರಿಸಿ ಅಲ್ಲೇ ತುಂಬಿಸಲು ಹೊರಟವರು ಇವೆರಡನ್ನೂ ಕಳೆದುಕೊಳ್ಳುತ್ತಾರೆ.

ಐದರಲ್ಲೊಂದು ಪಾಲು ಖಾಲಿ

ಎಲ್‌ಪಿಜಿ ಎಂದರೆ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒತ್ತಡದಲ್ಲಿ ಅದು ದ್ರವವಾಗಿರುತ್ತದೆ. ದ್ರವದ ಮೇಲೆ ಅದರದೇ ಆವಿ ಇರುತ್ತದೆ. ಒಲೆಗೆ ಬರುವುದು ಈ ಆವಿ.

ಗೃಹಬಳಕೆಯ ಕೆಂಪು ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲ ಇರುತ್ತದೆ. ಆ ಸಿಲಿಂಡರಿಗೆ ನೀರು ತುಂಬಿದರೆ ಹಿಡಿಸುವುದು 33.3 ಲೀಟರ್. ದ್ರವ ಎಲ್‌ಪಿಜಿಯ ಸಾಂದ್ರತೆ ಲೀಟರಿಗೆ ಸುಮಾರು 0.53 ಕಿಲೋಗ್ರಾಂ ಎಂದು ಇಟ್ಟುಕೊಳ್ಳಿ. 14.2ನ್ನು 0.53ರಿಂದ ಭಾಗಿಸಿ. ಬರುವುದು ಸುಮಾರು 26.8 ಲೀಟರ್. ಅಂದರೆ ‘ತುಂಬಿದ’ ಸಿಲಿಂಡರಿನಲ್ಲೂ ದ್ರವ ಇರುವುದು ಶೇಕಡ 80ರಷ್ಟು ಮಾತ್ರ. ಉಳಿದ ಆರೂವರೆ ಲೀಟರ್ ಜಾಗ ಆವಿಯದು.

ಏಕೆ ಈ ‘ನಷ್ಟ’? ಎಲ್‌ಪಿಜಿ ದ್ರವ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.25ರಷ್ಟು ಹಿಗ್ಗುತ್ತದೆ. ಇದು ನೀರು ಹಿಗ್ಗುವುದರ ಹತ್ತರಷ್ಟು. ಉಷ್ಣತೆ 30 ಡಿಗ್ರಿ ಏರಿದರೆ 26.8 ಲೀಟರ್ ದ್ರವ ಎರಡು ಲೀಟರಿನಷ್ಟು ಹೆಚ್ಚುತ್ತದೆ. ಖಾಲಿ ಜಾಗ ಅದನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ.

ಈಗ ಅದೇ ಸಿಲಿಂಡರನ್ನು ಯಾರೋ ಶೇಕಡ 95ರಷ್ಟು ತುಂಬಿದ್ದಾರೆ ಎಂದುಕೊಳ್ಳಿ. ದ್ರವ 31.6 ಲೀಟರ್, ಖಾಲಿ ಜಾಗ 1.7 ಲೀಟರ್. ಪ್ರತಿ ಡಿಗ್ರಿಗೆ ದ್ರವ 0.08 ಲೀಟರಿನಷ್ಟು ಹಿಗ್ಗಿದರೆ 21 ಡಿಗ್ರಿಯಲ್ಲಿ ಜಾಗ ಮುಗಿಯಿತು. ಬೆಳಗಿನ 24 ಡಿಗ್ರಿಯಲ್ಲಿ ತುಂಬಿದ ಸಿಲಿಂಡರ್ 45 ಡಿಗ್ರಿಗೆ ಬರುವ ಹೊತ್ತಿಗೆ ಪೂರ್ತಿ ದ್ರವಮಯ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ವ್ಯಾನಿನ ಒಳಗೆ ಉಷ್ಣತೆ 50 ಡಿಗ್ರಿ ದಾಟುತ್ತದೆ. ಸಿಲಿಂಡರಿನ ದ್ರವ ನಿಧಾನವಾಗಿ ಬಿಸಿಯಾಗುತ್ತದೆ ನಿಜ. ಆದರೆ ಬಿಸಿಲಿಗೆ ಇಡೀ ಮಧ್ಯಾಹ್ನವೇ ಇದೆಯಲ್ಲ!

ಜಾಗ ಮುಗಿದ ಮೇಲೆ ಏನಾಗುತ್ತದೆ? ಆವಿಯನ್ನು ಸಂಪೀಡಿಸಬಹುದು, ದ್ರವವನ್ನು ಸಂಪೀಡಿಸುವುದು ಬಹಳ ಕಷ್ಟ. ಆದ್ದರಿಂದ ಆ ಹಂತದ ನಂತರ ಪ್ರತಿ ಡಿಗ್ರಿಗೂ ಒತ್ತಡ ಹಲವು ವಾತಾವರಣಗಳಷ್ಟು ಏರುತ್ತಾ ಹೋಗುತ್ತದೆ. ಆಗ ಬಿರಿಯುವುದು ಕವಾಟವೋ ಬೆಸುಗೆಯೋ ಎಂಬುದಷ್ಟೇ ಪ್ರಶ್ನೆ.

ಇದು ಕಾಗದದ ಮೇಲಿನ ಭಯವಲ್ಲ. 1978ರ ಜುಲೈ 11ರಂದು ಸ್ಪೇನಿನ ಲಾಸ್ ಆಲ್ಫಾಕೆಸ್ ಎಂಬ ಕಡಲತೀರದ ಕ್ಯಾಂಪಿಂಗ್ ತಾಣದ ಪಕ್ಕದಲ್ಲಿ ಒಂದು ಟ್ಯಾಂಕರ್ ಸ್ಫೋಟಿಸಿತು. ಅದರಲ್ಲಿದ್ದುದು ಎಲ್‌ಪಿಜಿಯ ಹತ್ತಿರದ ಬಂಧು ಪ್ರೋಪಿಲೀನ್. ಸುಮಾರು 19 ಟನ್ ಮಿತಿಯ ಟ್ಯಾಂಕಿಗೆ 23 ಟನ್ನಿಗೂ ಮಿಕ್ಕಿ ತುಂಬಲಾಗಿತ್ತು. ಹೆಚ್ಚಿದ ಒತ್ತಡವನ್ನು ಹೊರಬಿಡುವ ಕವಾಟವೂ ಅದಕ್ಕೆ ಇರಲಿಲ್ಲ. ಡೇರೆ, ಕ್ಯಾರವಾನ್‌ಗಳಲ್ಲಿ ರಜೆ ಕಳೆಯಲು ಬಂದಿದ್ದ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ತಕ್ಕಡಿಯನ್ನು ಬಿಟ್ಟು ಬಂದ ಸಿಲಿಂಡರ್

ಮನೆಯ ಸಿಲಿಂಡರಿಗೆ ಒಳಗಿನ ಮಟ್ಟ ತೋರಿಸುವ ಮುಳ್ಳಿಲ್ಲ. ಶೇಕಡ 80 ಆದಾಗ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆಯೂ ಇಲ್ಲ. ಹಾಗಾದರೆ ಖಾಲಿ ಜಾಗವನ್ನು ಕಾಯುತ್ತಿರುವವರು ಯಾರು? ತುಂಬುವ ಘಟಕದ ತಕ್ಕಡಿ! ಅಲ್ಲಿ ಖಾಲಿ ಸಿಲಿಂಡರಿನ ತೂಕಕ್ಕೆ 14.2 ಕಿಲೋಗ್ರಾಂ ಸೇರಿಸಿ ತುಂಬುತ್ತಾರೆ. ಸಿಲಿಂಡರಿನ ಮೇಲ್ಭಾಗದಲ್ಲಿ ಬರೆದಿರುವ ಖಾಲಿ ತೂಕವನ್ನು ನೀವು ನೋಡಿರಬಹುದು. ಸಿಲಿಂಡರ್ ಕೊಡುವಾಗ ತೂಗಿ ತೋರಿಸಿ ಎಂದು ಕೇಳುವುದು ಕಡಿಮೆ ಬಂದೀತೆಂಬ ಅನುಮಾನಕ್ಕಷ್ಟೇ ಅಲ್ಲ, ಹೆಚ್ಚು ಬಂದಿಲ್ಲ ಎಂಬ ಖಾತ್ರಿಗೂ ಬೇಕು.

ಅಕ್ರಮವಾಗಿ ಗ್ಯಾಸ್ ತುಂಬುವ ಕಡೆ ತುಂಬಿದ ಸಿಲಿಂಡರನ್ನು ತಲೆಕೆಳಗು ಮಾಡಿ, ಪಂಪ್ ಇಟ್ಟು ಇನ್ನೊಂದಕ್ಕೆ ಹರಿಸುತ್ತಾರೆ. ತಕ್ಕಡಿ ಇದ್ದರೂ ಅದು ಹಣದ ಲೆಕ್ಕಕ್ಕೆ ಮಾತ್ರ. ‘ಒತ್ತಡ ನೋಡಿ ನಿಲ್ಲಿಸುತ್ತೇವೆ’ ಎಂಬ ಮಾತನ್ನೂ ಕೇಳಬಹುದು. ಇದು ಭೌತವಿಜ್ಞಾನಕ್ಕೇ ವಿರುದ್ಧ. ದ್ರವದ ಮೇಲೆ ಆವಿ ಇರುವ ತನಕ ಒತ್ತಡವನ್ನು ನಿರ್ಧರಿಸುವುದು ಮಿಶ್ರಣದ ಸ್ವರೂಪ ಮತ್ತು ಉಷ್ಣತೆ. ಕಾಲು ಭಾಗ ತುಂಬಿದ ಸಿಲಿಂಡರಿನಲ್ಲೂ ಮುಕ್ಕಾಲು ತುಂಬಿದ್ದರಲ್ಲೂ ಒತ್ತಡ ಹೆಚ್ಚುಕಡಿಮೆ ಒಂದೇ. ಒತ್ತಡದ ಮಾಪಕ ಎಚ್ಚರಿಸುವ ಹೊತ್ತಿಗೆ ಜಾಗ ಮುಗಿದಿರುತ್ತದೆ.

ಪರವಾನಗಿ ಇಲ್ಲದೆ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಅನಿಲ ತುಂಬುವುದನ್ನು ನಿಯಮಗಳು ನಿಷೇಧಿಸಿರುವುದರ ಹಿಂದಿನ ವಿಜ್ಞಾನ ಇದೇ.

ತೇಲುಗುಂಡೂ ತಪ್ಪು ಹೇಳಬಲ್ಲದು

ವಾಹನದಲ್ಲೇ ತುಂಬಿಸಿಕೊಳ್ಳುವ ಟ್ಯಾಂಕ್ ಇಲ್ಲವೇ? ಇದೆ. 2000ನೇ ಇಸವಿಯಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, 2001ರಲ್ಲಿ ಎಲ್‌ಪಿಜಿ ಬಳಕೆಯ ಆದೇಶ ಬಂದ ಮೇಲೆ ವಾಹನಗಳು ಎಲ್‌ಪಿಜಿಯಲ್ಲಿ ಓಡುವುದು ಕ್ರಮಬದ್ಧವಾಯಿತು. ಆ ದಶಕದಲ್ಲಿ ಬೆಂಗಳೂರಿನ ಆಟೊರಿಕ್ಷಾಗಳು ದೊಡ್ಡ ಸಂಖ್ಯೆಯಲ್ಲಿ ಇದಕ್ಕೆ ತಿರುಗಿದವು. ಅವುಗಳ ಟ್ಯಾಂಕಿನಲ್ಲಿ ಒಂದು ಬಹುಕಾರ್ಯ ಕವಾಟವಿದೆ. ಅದರಲ್ಲಿ ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿರುವಂಥ ತೇಲುಗುಂಡು ಇರುತ್ತದೆ. ದ್ರವ ಶೇಕಡ 80 ತಲುಪಿದಾಗ ಅದು ದಾರಿ ಮುಚ್ಚುತ್ತದೆ. ಒತ್ತಡ ಹೆಚ್ಚಿದರೆ ಹೊರಬಿಡುವ ಕವಾಟ, ಕೊಳವೆ ತುಂಡಾದರೆ ಹರಿವನ್ನು ತಡೆಯುವ ಕವಾಟ, ತುಂಬಿದ್ದು ಹಿಂದಕ್ಕೆ ಬಾರದಂತೆ ತಡೆಯುವ ಕವಾಟ, ಇವೂ ಇರುತ್ತವೆ. ತಕ್ಕಡಿಯ ಕೆಲಸವನ್ನು ಟ್ಯಾಂಕೇ ಮಾಡುವ ಈ ಯುಕ್ತಿ ಮೆಚ್ಚತಕ್ಕದ್ದು.

ಆದರೆ ಮೆಚ್ಚಿಕೆಯ ಜೊತೆ ಎರಡು ಆಕ್ಷೇಪಣೆಗಳಿವೆ. ಮೊದಲನೆಯದು, ತೇಲುಗುಂಡು ಸರಿಯಾಗಿ ಹೇಳುವುದು ಟ್ಯಾಂಕನ್ನು ನಿಗದಿತ ಕೋನದಲ್ಲಿ ಕೂರಿಸಿದಾಗ ಮಾತ್ರ. ಯಾವ ಕೋನಕ್ಕೆ ಯಾವ ಕವಾಟ ಎಂದು ತಯಾರಕರು ನಿಗದಿ ಮಾಡಿರುತ್ತಾರೆ. ವ್ಯಾನಿನಲ್ಲಿ ಜಾಗ ಸಾಲದೆಂದು ಬೆಸುಗೆಯವರು ಟ್ಯಾಂಕನ್ನು ಸ್ವಲ್ಪ ಹೊರಳಿಸಿ ಕೂರಿಸಿದರೆ, ಶೇಕಡ 80 ಎಂದು ಮುಚ್ಚಬೇಕಾದ ಕವಾಟ 90ರಲ್ಲಿ ಮುಚ್ಚೀತು. ಹೊರಗಿನಿಂದ ನೋಡಿದವರಿಗೆ ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಎರಡನೆಯದು, ಎಂಜಿನ್ನಿಗೆ ಬೇಕಾದದ್ದು ಮತ್ತು ಒಲೆಗೆ ಬೇಕಾದದ್ದು ಒಂದೇ ಅಲ್ಲ. ವಾಹನದ ಟ್ಯಾಂಕಿನಿಂದ ತಳದ ದ್ರವವನ್ನು ಎಳೆದು, ಎಂಜಿನ್ನಿನ ಬಿಸಿಯಿಂದ ಆವಿ ಮಾಡಿ ಉರಿಸುತ್ತಾರೆ. ಒಲೆಗಾದರೋ ಮೇಲಿನ ಆವಿ ಬೇಕು. ಸಿಲಿಂಡರಿನ ಒಳಗೆ ಚದರ ಸೆಂಟಿಮೀಟರಿಗೆ ಸುಮಾರು 6 ಕಿಲೋಗ್ರಾಂ ಇರುವ ಒತ್ತಡವನ್ನು ಮನೆಯ ರೆಗ್ಯುಲೇಟರ್ 30 ಗ್ರಾಮಿಗೆ, ಅಂದರೆ ಇನ್ನೂರರಲ್ಲಿ ಒಂದು ಪಾಲಿಗೆ, ಇಳಿಸಿ ಒಲೆಗೆ ಕಳಿಸುತ್ತದೆ. ಅದು ಆವಿಗೆಂದು ಮಾಡಿದ್ದು. ಅದಕ್ಕೆ ದ್ರವ ನುಗ್ಗಿ ಆಚೆ ಹೋದರೆ ಪ್ರತಿ ಲೀಟರ್ ದ್ರವ ಸುಮಾರು 250 ಲೀಟರ್ ಆವಿಯಾಗಿ ಉಬ್ಬುತ್ತದೆ. ಒಲೆಯ ಉರಿ ಆಳೆತ್ತರಕ್ಕೆ ಏಳುವುದು ಹೀಗೆ. ಉರುಳದಿರಲಿ ಎಂದು ಮನೆಯ ಸಿಲಿಂಡರನ್ನು ಮಲಗಿಸಿ ಕಟ್ಟಿದಾಗಲೂ ಕವಾಟ ದ್ರವದಲ್ಲಿ ಮುಳುಗಿ ಇದೇ ಆಗುತ್ತದೆ. ಆದ್ದರಿಂದ ಆಟೊ ಟ್ಯಾಂಕಿನಿಂದ ಒಲೆಗೆ ಕೊಳವೆ ಎಳೆಯುವುದಾಗಲಿ, ಅಡುಗೆ ಸಿಲಿಂಡರಿನಿಂದ ಎಂಜಿನ್ನಿಗೆ ಎಳೆಯುವುದಾಗಲಿ ಜಾಣತನವಲ್ಲ.

ತಳದಲ್ಲಿ ತೂತು ಎಲ್ಲಿ?

ಎಲ್‌ಪಿಜಿ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ನೀರಿನಂತೆ ಕೆಳಗೆ ಹರಿದು ತಳದಲ್ಲಿ ನಿಲ್ಲುತ್ತದೆ. ‘ಕಿಟಕಿ ತೆರೆದಿರುತ್ತದೆ’ ಎಂಬ ಸಮಾಧಾನ ಇಲ್ಲಿ ಸಾಲದು. ವ್ಯಾನಿನ ಕಿಟಕಿ ಇರುವುದು ಮೇಲೆ, ಅನಿಲ ಸೇರುವುದು ಕೆಳಗೆ. ವ್ಯಾನಿನ ತಳವೋ ತಗಡಿನ ಬೋಗುಣಿಯಂತೆ ಮುಚ್ಚಿರುತ್ತದೆ.

ಗಾಳಿಯಲ್ಲಿ ಎಲ್‌ಪಿಜಿ ಶೇಕಡ 2ರಷ್ಟು ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಚಿಕ್ಕ ವ್ಯಾನಿನ ಒಳಗೆ 5 ಘನ ಮೀಟರ್, ಅಂದರೆ 5000 ಲೀಟರ್ ಗಾಳಿ ಇದೆ ಎಂದುಕೊಳ್ಳಿ. ಅದರ ಶೇಕಡ 2 ಎಂದರೆ 100 ಲೀಟರ್ ಆವಿ. ಒಂದು ಕಿಲೋಗ್ರಾಂ ಎಲ್‌ಪಿಜಿ ಸುಮಾರು 500 ಲೀಟರ್ ಆವಿ ಕೊಡುವುದರಿಂದ ಇದಕ್ಕೆ 200 ಗ್ರಾಂ ಸಾಕು. 14.2 ಕಿಲೋಗ್ರಾಮಿನ ಸಿಲಿಂಡರಿನಲ್ಲಿ ಇದರ 70ರಷ್ಟು ಇದೆ. ಆವಿ ತಳದಲ್ಲೇ ನಿಲ್ಲುವುದರಿಂದ ಇನ್ನೂ ಕಡಿಮೆ ಅನಿಲಕ್ಕೂ ಕೆಳಗಿನ ಗಾಳಿ ಹೊತ್ತಿಕೊಳ್ಳುವ ಸ್ಥಿತಿಗೆ ಬರಬಹುದು.

2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆ ರೈಲು ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯೊಂದರಲ್ಲಿ ಹೀಗೆಯೇ ಅನಾಹುತವಾಯಿತು. ನಿಯಮ ಮೀರಿ ಒಯ್ದಿದ್ದ ಸಿಲಿಂಡರಿನಿಂದ ಟೀ ಕಾಯಿಸಲು ಹೋದಾಗ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಅವರು ದೂರದ ಲಕ್ನೋದಿಂದ ತೀರ್ಥಯಾತ್ರೆಗೆ ಹೊರಟವರು. ನಮ್ಮೂರಿನ ವ್ಯಾನಿನ ಯಾತ್ರಿಕರಿಗೂ ಅವರಿಗೂ ಏನು ವ್ಯತ್ಯಾಸ?

ಯುರೋಪಿನ ಕ್ಯಾಂಪರ್ ವ್ಯಾನುಗಳಲ್ಲಿ ಸಿಲಿಂಡರ್ ಮಲಗುವ ಕೋಣೆಯೊಂದಿಗೆ ಗಾಳಿ ಹಂಚಿಕೊಳ್ಳುವುದಿಲ್ಲ. ಅದಕ್ಕೆ ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಒಳಬದಿಗೆ ಬಿರುಕಿಲ್ಲದ ಮುಚ್ಚಿಗೆ, ತಳದಲ್ಲಿ ನೇರ ಹೊರಕ್ಕೆ ಅಂಗೈಯಗಲದ ತೂತು. ಸೋರಿದ್ದು ರಸ್ತೆಗೆ ಇಳಿಯಬೇಕು, ಹಾಸಿಗೆಯ ಕೆಳಗೆ ಸೇರಬಾರದು. ವಿಜ್ಞಾನದ ದೃಷ್ಟಿಯಿಂದ ಇಡೀ ಏರ್ಪಾಡಿನಲ್ಲಿ ಅತ್ಯಂತ ಅಗ್ಗದ, ಅತ್ಯಂತ ಬೆಲೆಬಾಳುವ ಭಾಗ ಆ ತೂತು.

ಪಾಠದಲ್ಲಿ ಇಲ್ಲದ ಸಿಲಿಂಡರ್

ಜನರನ್ನು ದೂರುವುದು ಸುಲಭ. ಆಟೊ ಗ್ಯಾಸ್ ಬಂಕುಗಳು ದೊಡ್ಡ ನಗರಗಳಲ್ಲಿ ಇರುವಷ್ಟು ಹೋಬಳಿ ಊರುಗಳ ಸುತ್ತ ಇಲ್ಲ. ಕ್ಯಾಂಟೀನ್ ನಡೆಸುವವರಿಗೆ ದಿನದ ಸಂಪಾದನೆಯೇ ಮುಖ್ಯ. ಅವರ ಮುಂದೆ ‘ಇದು ಅಪರಾಧ’ ಎಂದಷ್ಟೇ ಬರೆದ ಫಲಕ ಹಿಡಿದರೆ, ಸಿಕ್ಕಿಬೀಳದಿದ್ದರೆ ಸಾಕು ಎಂಬುದೇ ಅವರು ಕಲಿಯುವ ಪಾಠ. ಈ ಬಗೆಯ ಪ್ರಚಾರದ ಕೊರತೆ ಇರುವುದು ಇಲ್ಲೇ. ‘ಬೇಡ’ ಎಂಬುದು ಅದರಲ್ಲಿದೆ, ‘ಏಕೆ’ ಎಂಬುದು ಇಲ್ಲ.

ಶಾಲೆಯ ಪಾಠವೂ ಇದಕ್ಕಿಂತ ಮುಂದೆ ಹೋಗಬೇಕು. ವ್ಯಾಕೋಚನಕ್ಕೆ ಗುಂಡು ಮತ್ತು ಬಳೆ, ರೈಲು ಹಳಿಯ ಸಂದು, ಇವು ಒಳ್ಳೆಯ ಉದಾಹರಣೆಗಳೇ. ಆದರೆ ವಿದ್ಯಾರ್ಥಿಯ ಅಡುಗೆಮನೆಯಲ್ಲೇ ಇರುವ ಉದಾಹರಣೆ ಬೋರ್ಡಿನ ಮೇಲೆ ಬಂದರೆ ಅದು ಅವರ ಮನೆಯನ್ನೂ ತಲುಪುತ್ತದೆ.

ಹೀಗೆ ಮಾಡಿ. ಪಾರದರ್ಶಕ ಸಿಗರೇಟ್ ಲೈಟರ್ ಒಂದನ್ನು ಶಿಕ್ಷಕರು ಕೈಯಲ್ಲಿ ಹಿಡಿದು, ಹೊತ್ತಿಸದೆ, ಬೆಳಕಿಗೆ ಎದುರಾಗಿ ತೋರಿಸಲಿ. ಹೊಸ ಲೈಟರಿನಲ್ಲೂ ದ್ರವದ ಮೇಲೆ ಖಾಲಿ ಜಾಗ ಕಾಣುತ್ತದೆ. ಅದು ಬ್ಯೂಟೇನ್. ಮಲಗಿಸಿದರೆ ದ್ರವ ಕವಾಟದ ಬಳಿ ಬರುವುದನ್ನೂ ನೋಡಬಹುದು. ಆಮೇಲೆ 33.3 ಲೀಟರ್, 14.2 ಕಿಲೋಗ್ರಾಂಗಳ ಲೆಕ್ಕ ಕೊಡಿ. 2021ರಿಂದ ಮಾರುಕಟ್ಟೆಗೆ ಬಂದ ಕಾಂಪೋಸಿಟ್ ಸಿಲಿಂಡರ್ ಊರಿನಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಇನ್ನೂ ಒಳ್ಳೆಯದು. ಅದರ ಮೈ ಅರೆಪಾರದರ್ಶಕವಾದ್ದರಿಂದ ಒಳಗಿನ ಮಟ್ಟವನ್ನು ಕಣ್ಣಾರೆ ನೋಡಬಹುದು.

ವ್ಯಾನಿನಲ್ಲಿ ಹೋಗುವವರಿಗೆ ನೀವು ಹೇಳಬಹುದಾದದ್ದು ಇಷ್ಟು: ಕಂಪನಿಯಿಂದ ತೂಗಿ ತುಂಬಿ ಬರುವ 5 ಕಿಲೋಗ್ರಾಮಿನ ಚಿಕ್ಕ ಸಿಲಿಂಡರ್ ಸಿಗುತ್ತದೆ. ಖಾಲಿಯಾದರೆ ಬದಲಾಯಿಸಿ, ತುಂಬಿಸಬೇಡಿ. ನೇರವಾಗಿ ನಿಲ್ಲಿಸಿ ಕಟ್ಟಿ. ಓಡುವಾಗ ಕವಾಟ ಮುಚ್ಚಿರಲಿ. ಅಡುಗೆಯನ್ನು ವ್ಯಾನಿನ ಹೊರಗೆ, ಬಯಲಿನಲ್ಲಿ ಮಾಡಿ. ಮಲಗುವ ಜಾಗದಲ್ಲಿ ಸಿಲಿಂಡರ್ ಇಡಬೇಡಿ. ಎಂಜಿನ್ನಿಗೆ ಎಲ್‌ಪಿಜಿ ಬೇಕೆಂದರೆ ಅನುಮೋದಿತ ಟ್ಯಾಂಕನ್ನು ಅಧಿಕೃತ ಕೇಂದ್ರದಲ್ಲೇ ಕೂರಿಸಿ, ನೋಂದಣಿ ಪುಸ್ತಕದಲ್ಲಿ ಬರೆಸಿಕೊಳ್ಳಿ.

ಸಿಲಿಂಡರ್ ತುಂಬಿಸುವ ವ್ಯಾಪಾರಿ ‘ಇನ್ನೂ ಒಂದೆರಡು ಕಿಲೋ ಹಿಡಿಯುತ್ತದೆ, ಹಾಕಲೇ?’ ಎಂದು ಕೇಳಿದಾಗ, ಬೇಡ ಎನ್ನಲು ಕಾರಣ ಗೊತ್ತಿರುವ ಹುಡುಗನೋ ಹುಡುಗಿಯೋ ಆ ವ್ಯಾನಿನಲ್ಲಿ ಇರಬೇಕು. ಆ ವಿದ್ಯಾರ್ಥಿ ನಿಮ್ಮ ತರಗತಿಯಲ್ಲೇ ಇರಬಹುದು.