ರಂಗರಾಯರ ಸಂತಾನ ಯಾರು?

ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯವು ಮೊದಲು ಒಂದು ವಾಸದ ಬಂಗಲೆಯಾಗಿತ್ತು. ಕರ್ನಲ್ ಮಿರಜ್ಕರ್ ಅದನ್ನು ತಾಯಿಯ ಹೆಸರಿನಲ್ಲಿ ದಾನವಿತ್ತರು. 1960ರಿಂದ ಅದು ಊರಿನ ಸೊತ್ತು. ಮನೆಯನ್ನು ಹೀಗೆ ಮುಂದಿನವರಿಗೆ ಒಪ್ಪಿಸಬಹುದು. ಬಿಜೈಗೆ ಸಮೀಪದ ಉರ್ವ ಚಿಲಿಂಬಿಯಲ್ಲಿ 1892ರಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು (1859–1928) ಬಿಟ್ಟುಹೋದುದಕ್ಕೆ ವಾರಸುದಾರರು ಯಾರು?

ರಂಗರಾಯರನ್ನು ಕುರಿತ ಬರಹ, ಭಾಷಣಗಳಲ್ಲಿ ಒಂದು ವಾಡಿಕೆ ಬೆಳೆದಿದೆ. 1897ರಲ್ಲಿ ಅವರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಬಗ್ಗೆ ಎರಡು ಮಾತಾಡಿ, ಕೂಡಲೇ ವಂಶಾವಳಿಗೆ ಇಳಿಯುವುದು: ಅಳಿಯ ಸುಬ್ಬರಾಯನ್ ಮದರಾಸು ಪ್ರಾಂತ್ಯದ ಪ್ರಥಮ ಸಚಿವರು, ಮೊಮ್ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರು. ದೊಣ್ಣೆ ಹಿಡಿಯದೆ ಶಾಲೆ ಕಟ್ಟಿದವರ ಹಿರಿಮೆಗೆ ಸೇನಾಪತಿಯ ಸಾಕ್ಷ್ಯ ಬೇಕಾಯಿತೆಂಬುದು ವಿಚಿತ್ರವೇ ಸರಿ.

ಮಗಳು ರಾಧಾಬಾಯಿಯವರ ವಿಷಯ ಬೇರೆ. 1912ರಲ್ಲಿ ಜಾತಿಯ ಗಡಿ ದಾಟಿ ವಿವಾಹವಾದ ಅವರು, 1930ರ ದುಂಡುಮೇಜಿನ ಪರಿಷತ್ತಿಗೆ ಹೋಗಿ, ಪ್ರಮುಖ ಮಹಿಳಾ ಸಂಘಟನೆಗಳೇ ಒಪ್ಪದಿದ್ದ ಸ್ತ್ರೀ ಮೀಸಲಾತಿಯ ಪರ ನಿಂತರು. ಅವರ ಮಗಳು ಪಾರ್ವತಿ ಕೃಷ್ಣನ್ ಕಾರ್ಮಿಕರ ನಡುವೆ ದುಡಿದರು. (ಅಳಿಯಸಂತಾನದ ನಾಡಿನ ಜೈನ ಮನೆತನಗಳಿಗೆ ಹೆಣ್ಣಿನ ದಾರಿಯಲ್ಲಿ ದಾಯ ಸಾಗುವುದು ಹೊಸತೇನಲ್ಲ.) ಆದರೂ ಇದು ಕಥೆಯ ಅರ್ಧ ಮಾತ್ರ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದನ್ನು ಹಟ್ಟಿಯ ದನಕರುಗಳಿಗೆ ಅನ್ವಯಿಸಿ ವಿವರಿಸುವುದೇ ರೂಢಿ. ಊರ ಬಾವಿಯ ನೀರನ್ನು ಮನುಷ್ಯನಿಗೆ ತಡೆಯುವುದು ಅದರಲ್ಲಿ ಸೇರದೆ? ನೀರು ಸೋಸಿ ಕುಡಿಯುವ ಮನೆಯಲ್ಲಿ ಈ ಪ್ರಶ್ನೆ ತಡವಾಗಿಯಾದರೂ ಏಳಬೇಕಿತ್ತು. ಜೈನರಲ್ಲದ ರಂಗರಾಯರು ಸ್ವಜಾತಿಯ ಬಹಿಷ್ಕಾರವನ್ನು ಸಹಿಸಿ ಅದಕ್ಕೆ ಉತ್ತರವಿತ್ತರು. ಬಹಿಷ್ಕರಿಸಿದವರ ಮೇಲೆ ಹಗೆ ಸಾಧಿಸದೆ ಶಾಲೆಗಳನ್ನು ಹೆಚ್ಚಿಸಿದ್ದು ಆ ಉತ್ತರದ ರೀತಿ.

ತಾವು ಓದಿಸಿದ ದಲಿತ ಮಕ್ಕಳು ಸರಕಾರಿ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಶಯ ಸಮಾಧಿಯ ಮೇಲೆ ಕೆತ್ತಲ್ಪಟ್ಟಿದೆ. ಆ ಆಶಯದಲ್ಲಿ ಸ್ವಂತ ಮನೆತನದ ಪ್ರಸ್ತಾಪವಿಲ್ಲ. ವಂಶಪಾರಂಪರ್ಯವಾಗಿ ಮೊಕ್ತೇಸರಿಕೆ ನಡೆಸುವ ಬಸದಿಗಳ ಆಡಳಿತದವರು ವಿದ್ಯಾರ್ಥಿವೇತನದ ಅರ್ಜಿಯನ್ನು ಮುಂದಿನ ಬಾರಿ ಅಚ್ಚುಹಾಕಿಸುವಾಗ, ಜಾತಿ ಮತ್ತು ಮನೆತನದ ಅಂಕಣಗಳನ್ನು ಬಿಟ್ಟು ನೋಡಬಹುದು.