ಪರದೆಯ ಮುಂದಿನ ವ್ಯಾಯಾಮ: ಅಳತೆ ಯಾರದು?

ಕರಾವಳಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗುವುದು ರಸ್ತೆ ಅಪಘಾತದಿಂದ ಮಾತ್ರವಲ್ಲ. ತೆಂಗು, ಅಡಿಕೆ ಮರದಿಂದ ಬಿದ್ದವರೂ ಇದ್ದಾರೆ. ವೃದ್ಧರಿಗಾದರೋ ಅಂಗಳದಲ್ಲಿ ಕಾಲು ಜಾರಿದರೂ ಸಾಕು. ಇಂಥವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ವ್ಯಾಯಾಮ ಮುಂದುವರಿಯಬೇಕು. ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಆಸ್ಪತ್ರೆಗಳು ಹತ್ತಿರದಲ್ಲೇ ಇವೆ. ಆದರೆ ಏರುತಗ್ಗಿನ ರಸ್ತೆಯಲ್ಲಿ, ಮಳೆಗಾಲದಲ್ಲಿ, ಗಾಲಿಕುರ್ಚಿಯಲ್ಲಿ ಪದೇಪದೇ ಹೋಗಿಬರುವುದು ಸುಲಭವಲ್ಲ. ಆದ್ದರಿಂದ ಮೊಬೈಲ್ ಅಥವಾ ಕಂಪ್ಯೂಟರ್ ಪರದೆಯ ಮೂಲಕ ಮನೆಯಲ್ಲೇ ವ್ಯಾಯಾಮ ಮಾಡಿಸುವ ವಿಧಾನ ಸ್ವಾಗತಾರ್ಹ. ಅದು ಯಾರ ಅಳತೆಗೆ ಹೊಲಿದ ಅಂಗಿ ಎಂಬುದನ್ನು ಮಾತ್ರ ನೀವು ಕೇಳಲೇಬೇಕು.

ಬೆನ್ನುಹುರಿ ಪೆಟ್ಟಾದವರ ವ್ಯಾಯಾಮಕ್ಕೆ 2018ರಲ್ಲಿ ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಟವಾಯಿತು. ದೇಹಶಕ್ತಿ ಹೆಚ್ಚಲು ವಾರಕ್ಕೆ ಎರಡು ಬಾರಿ ಕನಿಷ್ಠ 20 ನಿಮಿಷ ಏದುಸಿರು ಬರಿಸುವ ವ್ಯಾಯಾಮ ಮತ್ತು ಸ್ನಾಯುಬಲದ ವ್ಯಾಯಾಮ. ಹೃದಯ ಹಾಗೂ ಚಯಾಪಚಯದ ಆರೋಗ್ಯಕ್ಕೆ ವಾರಕ್ಕೆ ಮೂರು ಬಾರಿ 30 ನಿಮಿಷ. ಇದು ಅದರ ಸಾರ. ಆದರೆ ಅದನ್ನು ರೂಪಿಸಿದ್ದು 18ರಿಂದ 64 ವರ್ಷದವರಿಗೆ, ಅದೂ ಪೆಟ್ಟಾಗಿ ಕನಿಷ್ಠ ಒಂದು ವರ್ಷ ಕಳೆದವರಿಗೆ. 65 ದಾಟಿದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎಲ್ಲರಿಗೂ ಒಂದೇ ವಿಡಿಯೋ ತೋರಿಸುವ ಕಾರ್ಯಕ್ರಮ ಈ ಮಿತಿಯನ್ನು ಮರೆತಂತೆ.

ಕೈಗಡಿಯಾರ ತೋರಿಸುವ ಹೃದಯಬಡಿತವೂ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿ ತೀವ್ರವಾಗಿ ಹಾನಿಗೊಂಡರೆ ಹೃದಯವನ್ನು ಚುರುಕುಗೊಳಿಸುವ ನರಗಳ ಸಂಪರ್ಕವೇ ಕಡಿದಿರುತ್ತದೆ. ಎಷ್ಟು ದಣಿದರೂ ಬಡಿತ ಹೆಚ್ಚು ಏರದು. ಅಂಥವರು 'ಗುರಿ ಮುಟ್ಟಿಲ್ಲ' ಎಂದು ಇನ್ನಷ್ಟು ಶ್ರಮಿಸಿದರೆ ಅಪಾಯ. ಪೆಟ್ಟಾದ ಜಾಗದ ಕೆಳಗೆ ಬೆವರು ಸರಿಯಾಗಿ ಬಾರದಿರುವುದರಿಂದ ನಮ್ಮ ಕರಾವಳಿಯ ಸೆಕೆಯಲ್ಲಿ ಮೈ ಬೇಗ ಕಾಯುತ್ತದೆ. ಎಷ್ಟು ದಣಿವಾಗಿದೆ ಎಂದು ವ್ಯಕ್ತಿಯನ್ನೇ ಕೇಳುವುದು ಉತ್ತಮ ಅಳತೆ.

ಇನ್ನೊಂದು ಅಪಾಯವನ್ನು ಧ್ವನಿಮುದ್ರಿತ ವಿಡಿಯೋ ಕಾಣಲಾರದು. ಎದೆಯ ಆರನೆಯ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿದರೂ, ಮೂತ್ರದ ಕೊಳವೆ ಮಡಚಿದರೂ ರಕ್ತದೊತ್ತಡ ಒಮ್ಮೆಲೇ ಏರಬಹುದು. ತಲೆನೋವು, ಮುಖ ಕೆಂಪೇರುವುದು, ಕತ್ತಿನ ಮೇಲೆ ಬೆವರು ಇದರ ಲಕ್ಷಣ. ಆಗ ವ್ಯಾಯಾಮ ನಿಲ್ಲಿಸಿ, ನೇರವಾಗಿ ಕೂರಿಸಿ, ಬಿಗಿಬಟ್ಟೆ ಸಡಿಲಿಸಿ, ಕೊಳವೆ ಪರೀಕ್ಷಿಸಿ, ತಡಮಾಡದೆ ವೈದ್ಯರನ್ನು ಕರೆಯಬೇಕು. ಈ ಕೆಲಸ ಪರದೆಯದಲ್ಲ, ಮನೆಯವರದು.

ಪರದೆ ಪ್ರಯಾಣವನ್ನು ಉಳಿಸುತ್ತದೆ, ನೋಡಿಕೊಳ್ಳುವವರ ಶ್ರಮವನ್ನು ಉಳಿಸುವುದಿಲ್ಲ. ಹಾಸಿಗೆಯಿಂದ ಕುರ್ಚಿಗೆ ಎತ್ತುವುದು, ಒತ್ತಡದ ಹುಣ್ಣು ಆಗಿದೆಯೇ ಎಂದು ಚರ್ಮ ನೋಡುವುದು ಬಹುತೇಕ ವಯಸ್ಸಾದ ಮಡದಿಯ ಅಥವಾ ಸೊಸೆಯ ಪಾಲಿಗೆ ಬರುತ್ತದೆ. ಅವರಿಗೆ ತರಬೇತಿ ಕೊಡದ ಯೋಜನೆ ಅರ್ಧ ಯೋಜನೆ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ: ಮೊದಲ ತಪಾಸಣೆ ಮುಖಾಮುಖಿ ನಡೆಯುತ್ತದೆಯೇ? ವ್ಯಾಯಾಮದ ಹೊತ್ತಿನಲ್ಲಿ ಫಿಸಿಯೋಥೆರಪಿಸ್ಟ್ ನೇರವಾಗಿ ನೋಡುತ್ತಿರುತ್ತಾರೆಯೇ? ಕರೆಂಟು ಹೋದಾಗ, ಸಂಪರ್ಕ ಕಡಿದಾಗ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದಾರೆಯೇ? ಮೂರಕ್ಕೂ ಹೌದು ಎಂದರೆ ಧೈರ್ಯವಾಗಿ ಆರಂಭಿಸಿ.